ಮೊದಲ ಕಟ್ಟು

ನಟ್ಟೊ ಮಾಡುವ ಮನೆಯ ಯಜಮಾನನೇ ಇನ್ನು ಮುಂದೆ ನಟ್ಟೊ ಮುಟ್ಟುವಂತಿಲ್ಲ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದಾಗ ಹಿಸಾನೊಗೆ ಮೊದಲು ಬಂದದ್ದು ನಗು. ಆಮೇಲೆ ಗಂಡನ ಮುಖ ನೋಡಿದಳು. ನಗು ಅಲ್ಲೇ ಇಂಗಿತು.

ಅದು ವಸಂತದ ಮಾತು. ಸೊಕಿಚಿಯ ಎದೆ ಸೀಳಿ, ಸವೆದುಹೋಗಿದ್ದ ಕವಾಟ ತೆಗೆದು, ಲೋಹದ್ದೊಂದನ್ನು ಕೂರಿಸಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಎಂದರೆ ಜೀವ ಇರುವವರೆಗೂ ದಿನಾ ಒಂದು ಮಾತ್ರೆ ನುಂಗಬೇಕು. ಆ ಮಾತ್ರೆಗೂ ಹುದುಗಿಸಿದ ಸೋಯಾ ಕಾಳಾದ ನಟ್ಟೊಗೂ ಎಣ್ಣೆ ಸೀಗೆಕಾಯಿ. ನಟ್ಟೊದೊಳಗಿನ ಏನೋ ಒಂದು ಸತ್ವ ಮಾತ್ರೆಯ ಕೆಲಸವನ್ನೆಲ್ಲ ಕೆಡಿಸಿಬಿಡುತ್ತದಂತೆ. ಒಂದು ತುತ್ತೂ ಬೇಡ ಎಂದಿದ್ದರು ಡಾಕ್ಟರು.

ಜಪಾನಿನ ಮಿತೊ ಊರಿನ ಹೊಳೆದಂಡೆಯಲ್ಲಿರುವ ಓನುಕಿಯವರ ಮನೆಗೆ ನಟ್ಟೊ ಬಿಟ್ಟರೆ ಬೇರೆ ಬದುಕಿಲ್ಲ. ಸೋಯಾ ಕಾಳು ನೆನೆಸುವುದು, ಬೇಯಿಸುವುದು, ಬಿಸಿಬಿಸಿಯಾಗಿ ಭತ್ತದ ಹುಲ್ಲಿನಲ್ಲಿ ಕಟ್ಟುವುದು, ಕಟ್ಟುಗಳನ್ನು ಬಿಸಿಕೋಣೆಯಲ್ಲಿಟ್ಟು ಹುದುಗು ಬರಿಸುವುದು. ಮರುದಿನ ಬಿಚ್ಚಿದರೆ ಕಾಳಿನಿಂದ ಕಾಳಿಗೆ ಲೋಳೆಯ ನೂಲು ಎಳೆಯಬೇಕು. ಆ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ಪದ್ಧತಿಯೊಂದಿತ್ತು. ಬಿಸಿಕೋಣೆಯಿಂದ ಬಂದ ಮೊದಲ ಕಟ್ಟು ಯಜಮಾನನದು. ಅವನು ಬಿಚ್ಚಿ, ತಿರುವಿ, ಬಿಸಿ ಅನ್ನದ ಮೇಲೆ ಹಾಕಿಕೊಂಡು ತಿಂದು ತಲೆಯಾಡಿಸಿದ ಮೇಲೇ ಅಂಗಡಿ ತೆರೆದಿದೆ ಎಂದು ಬಾಗಿಲಿಗೆ ಪರದೆ ತೂಗುಹಾಕಬೇಕು. ಅವನು ತಲೆಯಾಡಿಸದ ದಿನ ಅಂಗಡಿ ಇಲ್ಲ.

ಈಗ ಆ ಕಟ್ಟು ಮಗ ಶಿಗೆಕಿಯ ಪಾಲಿಗೆ ಬಂದಿತ್ತು. ಅಪ್ಪನ ಕಣ್ಣಿಗೆ ಬೀಳದಿರಲಿ ಎಂದು ಅವನು ಮೇಜಿನ ಆಚೆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತು ತಿನ್ನುತ್ತಿದ್ದ. ಬೆನ್ನು ತಿರುಗಿಸಿದರೆ ವಾಸನೆ ಬರುವುದಿಲ್ಲವೇ? ಈಚೆ ತುದಿಯಲ್ಲಿ ಸೊಕಿಚಿ ಸುಟ್ಟ ಮೀನನ್ನು ಊಟದ ಕಡ್ಡಿಯಿಂದ ಕೆದಕುತ್ತ ಕೂತಿರುತ್ತಿದ್ದ.

"ಏನಿದು?" ಎಂದ ಒಂದು ಬೆಳಗ್ಗೆ. ಹೊಸ ಅಕ್ಕಿ ಬಂದ ಅಕ್ಟೋಬರಿನ ದಿನಗಳು. ಅನ್ನದ ಹಬೆಗೇ ಹಸಿವಾಗುವ ಕಾಲ.

"ಮೀನು. ಕಣ್ಣು ಕಾಣಲ್ವಾ?" ಎಂದಳು ಹಿಸಾನೊ.

"ನಿನ್ನೇನೂ ಮೀನು, ಮೊನ್ನೇನೂ ಮೀನು. ನಾನೇನು ಬೆಕ್ಕಾ?"

"ಮೊಟ್ಟೆ ಮಾಡ್ಲಾ ಹಾಗಾದ್ರೆ?"

"ನೀನೇ ತಿನ್ನು ಮೊಟ್ಟೆ." ಆಮೇಲೆ ಮಗನ ಬೆನ್ನಿನ ಕಡೆ ತಿರುಗಿ, "ಲೇ ಶಿಗೆಕಿ, ನೂಲು ಎಳೀತಿದ್ಯಾ?"

"ಎಳೀತಿದೆ."

"ಕಹಿ?"

"ಇಲ್ಲ."

"ಕೊನೇಲಿ? ನುಂಗಿದ ಮೇಲೆ?"

"ಕೊನೇಲಿ ಅಂದ್ರೆ ಏನಪ್ಪಾ? ನಟ್ಟೊ ನಟ್ಟೊ ಥರ ಇದೆ."

"ನಟ್ಟೊ ನಟ್ಟೊ ಥರ ಇದೆಯಂತೆ!" ಸೊಕಿಚಿ ಕಡ್ಡಿಗಳನ್ನು ಕುಕ್ಕಿದ. "ಇವನ ಕೈಗೆ ಅಂಗಡಿ ಕೊಟ್ಟು ನಾನು ಮೀನು ತಿಂತಾ ಕೂತಿದೀನಿ."

ಸೊಸೆ ಮಿನಾಕೊ ಮಿಸೊ ಸಾರು ಬಡಿಸುತ್ತ ಏನೂ ಕೇಳಿಸದವಳಂತೆ ಇದ್ದಳು. ಯಾರೂ ಮಾತಾಡದಿದ್ದಾಗ ಆ ಮನೆಯಲ್ಲಿ ಇನ್ನೊಂದು ಸದ್ದು ಕೇಳುತ್ತಿತ್ತು. ಸೊಕಿಚಿಯ ಎದೆಯೊಳಗಿನ ಲೋಹದ ಬಾಗಿಲು ತೆರೆದು ಮುಚ್ಚುವ ಸದ್ದು, ಟಿಕ್, ಟಿಕ್, ಟಿಕ್. ಪಕ್ಕದಲ್ಲಿ ಮಲಗುವ ಹಿಸಾನೊ ಆ ಸದ್ದಿಗೆ ವಸಂತದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಒಮ್ಮೊಮ್ಮೆ ಬೇಸತ್ತು, ಇದೊಂದು ನಿಲ್ಲಬಾರದೇ ದೇವರೇ ಎಂದುಕೊಂಡು, ಏನು ಬೇಡಿಕೊಂಡೆ ಎಂಬುದು ಹೊಳೆದು ಎದ್ದು ಕೂರುತ್ತಿದ್ದಳು.

ಯಜಮಾನ ನಟ್ಟೊ ತಿನ್ನುವುದಿಲ್ಲ ಎಂಬ ಸುದ್ದಿ ಅಂಗಡಿಯ ಹೊರಗೆ ಹೋಗಿರಲಿಲ್ಲ. ಹೋಗುವಂತಿರಲಿಲ್ಲ. ಪ್ರತಿ ಕಟ್ಟಿಗೂ ಸುತ್ತುವ ಕಾಗದದ ಪಟ್ಟಿಯ ಮೇಲೆ 'ದಿನಕ್ಕೊಂದು ಕಟ್ಟು, ರಕ್ತ ಸರಾಗ' ಎಂದು ಅಚ್ಚಾಗಿತ್ತು. ಆ ಮಾತು ಕಟ್ಟಿದವಳು ಹಿಸಾನೊನೇ. ಮದುವೆಯಾಗಿ ಬಂದ ಹೊಸತರಲ್ಲಿ, ಮಾವ ಮೆಚ್ಚಲಿ ಎಂದು. ಅಂದಿನಿಂದ ಅದನ್ನು ಹೇಳಿಕೊಂಡೇ ಮಾರಿದ್ದಳು. ರಕ್ತ ಸರಾಗ, ಹೃದಯಕ್ಕೆ ಹಿತ. ಸಕ್ಕರೆ ಸಿಹಿ ಎಂದಷ್ಟೇ ಸಲೀಸಾಗಿ ಅದು ಅವಳ ಬಾಯಿಂದ ಬರುತ್ತಿತ್ತು.

ಆ ತಿಂಗಳ ಕೊನೆಗೆ ಬಿಸಿನೀರ ಬುಗ್ಗೆಯ ವಸತಿಗೃಹದಿಂದ ಫೋನು ಬಂತು. ಅಲ್ಲಿನ ಅಡುಗೆಯವನು ಹಳೆಯ ಗಿರಾಕಿ, ಬಾಯಿ ಜೋರು.

"ಯಜಮಾನ್ರು ಬದುಕಿದ್ದಾರಾ ಅಮ್ಮಾ? ಎರಡು ವಾರದಿಂದ ಬರ್ತಿರೋದು ಬರೀ ವಾಸನೆ, ರುಚಿನೇ ಇಲ್ಲ. ಹೀಗಾದ್ರೆ ನಾನು ಬೇರೆ ಕಡೆ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡಿ."

ಹಿಸಾನೊ ಮುಚ್ಚಿಡಬಹುದಿತ್ತು. ಆದರೆ ಸೊಕಿಚಿ ಹತ್ತಿರವೇ ನಿಂತು ಹುಲ್ಲು ಬಾಚುತ್ತಿದ್ದ. ಹುಲ್ಲು ಕೆಳಗಿಟ್ಟು ಸೀದಾ ಬಿಸಿಕೋಣೆಗೆ ಹೋದ. ಅವಳು ಹಿಂದೆಯೇ ಓಡಿ ಬಾಗಿಲು ತೆರೆಯುವಷ್ಟರಲ್ಲಿ ಅವನು ಕಟ್ಟು ಬಿಚ್ಚಿ, ಬೆರಳಲ್ಲೇ ಕಾಳು ತೆಗೆದು ಬಾಯಿಗೆ ಹಾಕಿಕೊಂಡಿದ್ದ.

"ಉಗೀರಿ! ಮೊದ್ಲು ಉಗೀರಿ ಅದನ್ನ!"

ಅವನು ಕಣ್ಣು ಮುಚ್ಚಿಕೊಂಡು ಅಗಿದ. ನುಂಗಿದ.

"ಉಗುಳಿದ್ರೆ ಏನು ಗೊತ್ತಾಗತ್ತೆ? ಕೊನೇ ರುಚಿ ಇರೋದು ಗಂಟಲಲ್ಲಿ. ಕೋಣೆ ಕಾವು ಜಾಸ್ತಿಯಾಗಿದೆ. ಹೊಸ ಹುಲ್ಲು ಬಂದಿದೆ ಅಲ್ವಾ, ಅದಕ್ಕೆ ಇಷ್ಟು ಕಾವು ಬೇಡ. ಅಷ್ಟೂ ತಿಳಿಯಲ್ಲ ನಿನ್ನ ಮಗನಿಗೆ."

ಮರುದಿನದ ಸರಕು ವಸತಿಗೃಹಕ್ಕೆ ಹೋಯಿತು. ಅಡುಗೆಯವನು ಫೋನು ಮಾಡಿ, ಈಗ ಸರಿಯಾಯಿತು ನೋಡಿ ಎಂದ. ಅಲ್ಲಿಗೆ ಮುಗಿಯಿತು. ಅವನ ನಾಲಿಗೆ ಗೆದ್ದಿತ್ತು. ದಿನಕ್ಕೊಂದೇ ತುತ್ತು, ಕೆಲಸಕ್ಕೋಸ್ಕರ ಎಂದ. ಹಿಸಾನೊ ಅದಕ್ಕೆ ಒಪ್ಪಿಕೊಂಡಳು. ದಿನವೂ ಜಗಳವಾಡುವಷ್ಟು ತ್ರಾಣ ಅವಳಲ್ಲೂ ಉಳಿದಿರಲಿಲ್ಲ.

ಮಿನಾಕೊ ಅದನ್ನು ಕಂಡುಹಿಡಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಬೆಳಗಿನ ಹೊತ್ತು ಊಟದ ಡಬ್ಬಿ ಕಟ್ಟುವ ಕಾರ್ಖಾನೆಗೆ ಹೋಗಿ ದುಡಿದು, ಮಧ್ಯಾಹ್ನ ಬಂದು ಮನೆಯ ಪಾತ್ರೆ ತೊಳೆಯುತ್ತಿದ್ದವಳು ಅವಳು. ನಟ್ಟೊ ತಿಂದ ಬಟ್ಟಲಿನ ಲೋಳೆ ಸುಲಭಕ್ಕೆ ಬಿಡುವುದಿಲ್ಲ. ಮಾವನ ಬಟ್ಟಲು ಯಾವುದು ಎಂದು ಅವಳಿಗೆ ಗೊತ್ತಿತ್ತು.

"ಅತ್ತೆ, ಇದು ಮಾವನ ಬಟ್ಟಲು."

"ಹೂಂ."

"ಡಾಕ್ಟ್ರು ಹೇಳಿದಾಗ ನೀವೂ ಇದ್ರಿ, ನಾನೂ ಇದ್ದೆ."

"ಒಂದು ತುತ್ತು ಕಣೇ. ರುಚಿ ನೋಡೋಕೆ."

"ಒಂದು ತುತ್ತಿಗೆ ಬಟ್ಟಲೆಲ್ಲ ಲೋಳೆ ಆಗತ್ತಾ?"

"ಆಯ್ತಮ್ಮಾ, ನೀನೇ ಹೋಗಿ ಹೇಳು. ನನ್ನ ಮಾತು ಈ ಮನೇಲಿ ಯಾವಾಗ ನಡೆದಿದೆ?"

ಸೊಸೆ ಹೇಳಿದಳು. ರಾತ್ರಿ ಊಟದ ಹೊತ್ತಿಗೆ, ಎಲ್ಲರ ಎದುರಿಗೆ. ಸೊಕಿಚಿ ಮೂಲಂಗಿ ಉಪ್ಪಿನಕಾಯಿ ಕಚ್ಚುತ್ತ ಕೇಳಿಸಿಕೊಂಡ. "ನಾಡಿದ್ದು ಬೀದಿಯವರ ಸಭಾಭವನದಲ್ಲಿ ರಕ್ತ ನೋಡ್ತಾರಂತೆ, ಹೋಗಿ ತೋರಿಸ್ಕೊಂಡು ಬರ್ತೀನಿ. ಆಗ ಗೊತ್ತಾಗತ್ತಲ್ಲ" ಎಂದ.

ರಕ್ತ ನೋಡುವವಳು ಕುರೊಬಾ ಎಂಬ ಹೆಂಗಸು. ಬಿಳಿ ಕೋಟು ಹಾಕಿಕೊಂಡಿದ್ದಳು, ಡಾಕ್ಟರಲ್ಲ. ಬೆರಳಿಗೆ ಚುಚ್ಚಿ ಒಂದು ತೊಟ್ಟು ರಕ್ತವನ್ನು ಯಂತ್ರದ ಕೆಳಗಿಟ್ಟರೆ ಅದು ಟೀವಿಯ ಪರದೆ ಮೇಲೆ ಹರಿದುಹೋಗುವುದು ಕಾಣುತ್ತಿತ್ತು. ಬೀದಿಯ ಮುದುಕರೆಲ್ಲ ಚಾಪೆಯ ಮೇಲೆ ಮಂಡಿಯೂರಿ ಕೂತು ಒಬ್ಬರ ರಕ್ತವನ್ನು ಇನ್ನೊಬ್ಬರು ನೋಡಿದರು. ಅಕ್ಕಿ ಅಂಗಡಿಯವನ ರಕ್ತ ಮುದ್ದೆಮುದ್ದೆಯಾಗಿ ನಿಂತುಬಿಟ್ಟಾಗ ಎಲ್ಲರೂ ಅಯ್ಯೋ ಎಂದರು. ಸೊಕಿಚಿಯದು ಸರಸರ ಓಡಿತು.

"ನೋಡಿ, ನೋಡಿ! ಈ ವಯಸ್ಸಲ್ಲಿ ಎಂಥ ರಕ್ತ!" ಎಂದಳು ಕುರೊಬಾ. "ಏನು ತಿಂತೀರಿ ಸ್ವಾಮಿ?"

"ನಟ್ಟೊ" ಎಂದ ಸೊಕಿಚಿ. ಸಭೆ ಘೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ಹಿಸಾನೊಗೂ ಹೆಮ್ಮೆಯಾಯಿತು, ಸುಳ್ಳು ಹೇಳಬಾರದು.

ಚಹಾ ಕುಡಿಯುವಾಗ ಅವನು ಮಾತ್ರೆಯ ವಿಷಯ ಎತ್ತಿದ. ಕುರೊಬಾ ದನಿ ತಗ್ಗಿಸಿದಳು. "ಆ ಮಾತ್ರೆ ಮೊದಮೊದಲು ಯಾತಕ್ಕೆ ಬಳಸ್ತಿದ್ರು ಗೊತ್ತಾ? ಇಲಿ ಕೊಲ್ಲೋಕೆ. ನಾನು ಬಿಡಿ ಅನ್ನಲ್ಲ, ಹಾಗನ್ನೋ ಅಧಿಕಾರ ನನಗಿಲ್ಲ. ಆದ್ರೆ ರಕ್ತ ತೆಳು ಮಾಡೋ ಕೆಲಸ ನಟ್ಟೊನೇ ಮಾಡ್ತಿರುವಾಗ ಇಲಿ ಪಾಷಾಣ ಯಾಕೆ ಅಂತ ನಿಮ್ಮ ಮೈಯನ್ನೇ ಕೇಳ್ಕೊಳ್ಳಿ." ಆಮೇಲೆ ನಟ್ಟೊ ಸತ್ವದ ಗುಳಿಗೆಯ ಡಬ್ಬಿ ಹೊರತೆಗೆದಳು. ಸೊಕಿಚಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನನಗೆ ಗುಳಿಗೆ ಮಾರ್ತೀರಾ? ನಮ್ಮನೇಲಿ ಕಣಜನೇ ಇದೆ!"

ಹಾಗೆ ಅವಳಿಗೆ ಅವನಿಂದ ಬಿಡಿಗಾಸೂ ದಕ್ಕಲಿಲ್ಲ. ಅವನು ಮಾತ್ರ ಅವಳ ಮಾತನ್ನು ಪುಕ್ಕಟೆಯಾಗಿ ಕಟ್ಟಿಕೊಂಡು ಮನೆಗೆ ಬಂದ. ಬಂದವನೇ ಮಾತ್ರೆಯ ಪೊಟ್ಟಣವನ್ನು ತೆಗೆದು ಹಿರಿಯರ ಗೂಡಿನಲ್ಲಿ, ತನ್ನ ತಾಯಿಯ ಪಟದ ಮುಂದೆ ಇಟ್ಟ.

"ಅವ್ವಂಗೆ ಬೇಕಾದ್ರೆ ನುಂಗ್ಲಿ. ನನಗೆ ಸಾಕು."

"ಮಾವ!" ಮಿನಾಕೊ ಒದ್ದೆ ಕೈಯಲ್ಲೇ ಓಡಿ ಬಂದಳು. "ಅಲ್ಲ ಮಾವ, ಇವತ್ತಿನವರೆಗೂ ಮಾತ್ರೆ ತಗೊಂಡಿದ್ರಲ್ಲ, ಅದಕ್ಕೇ ರಕ್ತ ಓಡಿರಬೇಕು. ನಟ್ಟೊದಿಂದ ಅಂತ ಯಾರು ಹೇಳಿದ್ದು?"

"ಪರದೇಲಿ ಎಲ್ಲರೂ ನೋಡಿದಾರೆ."

"ಪರದೆ ಹಾಳಾಗ್ಲಿ! ಡಾಕ್ಟ್ರನ್ನ ಒಂದು ಮಾತು ಕೇಳೋಣ. ನಾಳೆನೇ ರಜಾ ಹಾಕ್ತೀನಿ, ಬನ್ನಿ."

"ಡಾಕ್ಟ್ರು ಟೋಕಿಯೋ ಕಡೆಯ ಹುಡುಗ. ನಟ್ಟೊ ವಾಸನೆಗೇ ಮೂಗು ಮುಚ್ಕೊಳ್ಳೋನು."

"ಅಮ್ಮಾ, ನೀನು ಹೇಳು" ಎಂದ ಶಿಗೆಕಿ, ಇದ್ದಬದ್ದ ಧೈರ್ಯವನ್ನೆಲ್ಲ ಆ ಒಂದು ಮಾತಿಗೆ ಖರ್ಚು ಮಾಡಿ.

ಹಿಸಾನೊ ಬಾಯಿ ತೆರೆದಳು. ಸೊಕಿಚಿ ಅವಳ ಕಡೆ ತಿರುಗಿದ. ದನಿ ಏರಿಸಲಿಲ್ಲ.

"ರಕ್ತ ಸರಾಗ ಅಂತ ಇಷ್ಟು ವರ್ಷ ನೀನೇ ಹೇಳ್ಕೊಂಡು ಮಾರಿದ್ದಲ್ವಾ? ಊರವರಿಗೆಲ್ಲ ಆಗೋದು ನನಗೊಬ್ಬನಿಗೆ ಆಗಲ್ವಾ? ಅಥವಾ ಸುಳ್ಳು ಹೇಳ್ಕೊಂಡು ಮಾರಿದ್ಯಾ?"

ಸುಳ್ಳು ಎನ್ನಲು ಹಿಸಾನೊಗೆ ಬಾಯಿ ಬರಲಿಲ್ಲ. ನಿಜ ಎಂದರೆ ಮಾತ್ರೆ ಗೂಡಿನಲ್ಲೇ ಉಳಿಯುತ್ತಿತ್ತು. ಅವಳು ಸೊಸೆಯ ಕಡೆ ತಿರುಗಿ, "ಸಾಕು ಬಿಡೇ, ದೊಡ್ಡವರ ಮುಂದೆ ಎಷ್ಟು ಮಾತು" ಎಂದಳು. ಮಿನಾಕೊ ಕೈ ಒರೆಸಿಕೊಂಡು ಒಳಗೆ ಹೋದಳು. ಅಂದಿನಿಂದ ಅತ್ತೆ ಸೊಸೆಯ ನಡುವೆ ಉಪ್ಪು, ಸಕ್ಕರೆ, ನೀರು ಇಷ್ಟೇ ಮಾತು.

ನವೆಂಬರ್ ತಿಂಗಳು ಚೆನ್ನಾಗಿಯೇ ಕಳೆಯಿತು. ಅದೇ ಆಗಿದ್ದು ಕೇಡು. ಮಾತ್ರೆ ಬಿಟ್ಟ ಮರುದಿನವೇ ಅವನು ನೆಲಕ್ಕೆ ಬಿದ್ದಿದ್ದರೆ ಎಲ್ಲರಿಗೂ ಬುದ್ಧಿ ಬರುತ್ತಿತ್ತು. ಅವನು ಬೀಳಲಿಲ್ಲ. ಗೆಲುವಾದ. ಮೊದಲ ಕಟ್ಟು ಮತ್ತೆ ಅವನ ಪಾಲಿಗೆ ಬಂತು. ಬೆಳಗ್ಗೆ ಅನ್ನದ ಮೇಲೆ ನಟ್ಟೊ, ಮಧ್ಯಾಹ್ನ ನೂಡಲ್ಸಿನ ಮೇಲೆ ನಟ್ಟೊ, ರಾತ್ರಿ ಈರುಳ್ಳಿಸೊಪ್ಪು ಹೆಚ್ಚಿ ಹಾಕಿ ನಟ್ಟೊ. ಶಿಗೆಕಿ ಬೆನ್ನು ತಿರುಗಿಸದೆ ಊಟಕ್ಕೆ ಕೂರುವಂತಾಯಿತು. ಆಸ್ಪತ್ರೆಗೆ ಹೋಗಬೇಕಾದ ದಿನ ಬಂದಾಗ, ವರ್ಷದ ಕೊನೆಯ ವ್ಯಾಪಾರ ಮುಗಿಯಲಿ ಎಂದ. ಹಿಸಾನೊನೇ ಫೋನು ಮಾಡಿ ಇನ್ನೊಂದು ದಿನ ಬರುತ್ತೇವೆಂದು ತಿಳಿಸಿದಳು. ಮಾತ್ರೆ ತಗೊಳ್ತಿದ್ದಾರಲ್ವಾ ಎಂದು ಆ ಕಡೆಯ ಹುಡುಗಿ ಕೇಳಿದ್ದಕ್ಕೆ ಹೂಂ ಎಂದಳು.

ಡಿಸೆಂಬರಿನ ಮೊದಲಲ್ಲಿ ಇಸೋಬೆ ಅಜ್ಜಿ ಅಂಗಡಿಗೆ ಬಂದಳು. ಕೋಲೂರಿಕೊಂಡು ಮೂರು ಬೀದಿ ದಾಟಿ ಬರುವ ಹಳೆಯ ಗಿರಾಕಿ, ಬೇಸಿಗೆಯಿಂದ ಪತ್ತೆಯೇ ಇರಲಿಲ್ಲ. ಸೂಪರ್ ಮಾರ್ಕೆಟ್ಟಿನ ಡಬ್ಬಿ ನಟ್ಟೊಗೆ ಮರುಳಾದಳೇನೋ ಎಂದು ಹಿಸಾನೊ ಒಳಗೊಳಗೇ ಮುನಿಸಿಕೊಂಡಿದ್ದಳು.

"ಮರೆತೇಬಿಟ್ರಾ ಅಜ್ಜೀ ನಮ್ಮನ್ನ?"

"ಮರೆಯೋದೆಲ್ಲಿ ಬಂತು ತಾಯಿ. ಎದೆ ತಾಳ ತಪ್ಪಿ ಹೊಡ್ಕೊಳ್ಳತ್ತೆ ಅಂತ ಅದೇನೋ ಮಾತ್ರೆ ಕೊಟ್ರು. ನಟ್ಟೊ ಮಾತ್ರ ತಿನ್ನಲೇಬೇಡಿ ಅಂದ್ರು. ಈ ವಯಸ್ಸಲ್ಲಿ ನಟ್ಟೊನೂ ಇಲ್ಲ ಅಂದ್ರೆ ಬದುಕಿ ಏನು ಮಾಡ್ಲಿ?" ಅಜ್ಜಿ ಕುತ್ತಿಗೆ ಮುಂದೆ ಚಾಚಿದಳು. "ನಿಮ್ಮ ಯಜಮಾನ್ರಿಗೂ ಅದೇ ಮಾತ್ರೆಯಂತೆ? ಅದನ್ನ ಬಿಟ್ಟು ನಟ್ಟೊ ತಿಂದೇ ಹುಷಾರಾದ್ರಂತೆ? ಸಭಾಭವನದಲ್ಲಿ ಅವರ ರಕ್ತ ನೋಡಿದವರು ಹೇಳಿದ್ರು. ಹೌದಾ?"

ಒಳಗಿನಿಂದ ಸೊಕಿಚಿ ಬಟ್ಟಲು ಹಿಡಿದುಕೊಂಡೇ ಬಂದ. ಅಜ್ಜಿಯ ಎದುರಿಗೆ ನಿಂತು ಒಂದು ತುತ್ತು ಎತ್ತಿ ನೂಲು ಎಳೆದು ತೋರಿಸಿ ತಿಂದ. "ನೋಡಿ ಅಜ್ಜಿ. ಸತ್ತೋರ ಥರ ಕಾಣ್ತೀನಾ?"

ಅಜ್ಜಿ ಹಿಸಾನೊಳ ಮುಖ ನೋಡಿದಳು. ಗಂಡಸರ ಜಂಬವನ್ನು ನಂಬುವ ಹೆಂಗಸಲ್ಲ ಅವಳು. "ಹೌದಾ ಹಿಸಾನೊ?"

"ಹೂಂ ಅಜ್ಜಿ" ಎಂದಳು ಹಿಸಾನೊ, ಕಟ್ಟಿಗೆ ಪಟ್ಟಿ ಸುತ್ತುತ್ತ.

ಅದಾದ ಒಂದು ವಾರಕ್ಕೆ ಹಿಸಾನೊ ಬೆಳಗ್ಗೆ ಎದ್ದಾಗ ಹೊರಗೆ ಬೆಳಕು ಹರಿದಿತ್ತು. ಎಷ್ಟೋ ತಿಂಗಳಿಂದ ಅಂಥ ನಿದ್ದೆ ಬಂದಿರಲಿಲ್ಲ. ಗಾಬರಿಯಾಗಿ ಪಕ್ಕಕ್ಕೆ ನೋಡಿದಳು. ಸೊಕಿಚಿ ಉಸಿರಾಡುತ್ತಿದ್ದ. ಟಿಕ್ ಟಿಕ್ ಇರಲಿಲ್ಲ. ಕಿವಿಗೊಟ್ಟು ಕೇಳಿದರೆ, ಎಲ್ಲೋ ಒಳಗೆ, ಹೊದಿಕೆಯಡಿ ಕೈ ತಟ್ಟಿದಂತೆ ಮಂಕಾದ ಒಂದು ಸದ್ದು.

"ರೀ, ಆ ಸದ್ದು ನಿಂತಿದೆ!"

ಅವನು ಎದೆಯ ಮೇಲೆ ಕೈ ಇಟ್ಟುಕೊಂಡು ಕೇಳಿಸಿಕೊಂಡ. ಅವನ ಮುಖ ಅರಳಿತು. "ಹೇಳ್ಲಿಲ್ವಾ ನಾನು? ಮೈಗೆ ಹೊಂದ್ಕೊಂಡುಬಿಡ್ತು. ಲೋಹ ಮಾಂಸ ಒಂದಾಯ್ತು. ಅದೂ ಈಗ ಓನುಕಿ ಮನೆಯದೇ."

ಹಿಸಾನೊಗೆ ಆದ ಸಂತೋಷಕ್ಕೆ ಮಿತಿಯಿರಲಿಲ್ಲ. ಅಂದು ಬೆಳಗ್ಗೆ ಕೆಂಪು ಅಲಸಂದೆಕಾಳು ಹಾಕಿ ಹಬ್ಬದ ಅನ್ನ ಮಾಡಿದಳು. ಯಾಕೆ ಎಂದು ಮಿನಾಕೊ ಕೇಳಿದಾಗ, ತಿಂಗಳಿಂದ ಬಿಗಿದಿದ್ದ ಮುಖ ಸಡಿಲಿಸಿ ಎಲ್ಲವನ್ನೂ ಹೇಳಿದಳು. ಮಿನಾಕೊ ಅನ್ನದ ಚಮಚ ಹಿಡಿದುಕೊಂಡು ನಿಂತಲ್ಲೇ ನಿಂತಳು.

"ಆ ಬಾಗಿಲು ತೆರೆದು ಮುಚ್ಚೋ ಸದ್ದಲ್ವಾ ಅತ್ತೆ ಅದು? ಸದ್ದು ನಿಂತ್ರೆ... ಅದು ಒಳ್ಳೇದಾ?"

"ಶುಭ ಅನ್ನೋದು ನಿನ್ನ ಬಾಯಲ್ಲಿ ಬರೋದೇ ಇಲ್ವಲ್ಲೇ!"

ಮಿನಾಕೊ ಎಂದಿನಂತೆ ಕೆಲಸಕ್ಕೆ ಹೊರಟಳು. ಕಾರ್ಖಾನೆಯಿಂದ ಆಸ್ಪತ್ರೆಗೆ ಫೋನು ಮಾಡಿದಳು. ಮಧ್ಯಾಹ್ನ ಓಡುತ್ತಲೇ ಬಂದಳು. ಈಗಲೇ ಕರೆದುಕೊಂಡು ಬನ್ನಿ, ಆಂಬುಲೆನ್ಸಿನಲ್ಲಾದರೂ ಸರಿ ಎಂದಿದ್ದರಂತೆ. ಸೊಕಿಚಿ ಅಡಿಯಲ್ಲಿ ಕಾವು ಕೊಡುವ ಮೇಜಿನ ಹೊದಿಕೆಯೊಳಗೆ ಕಾಲು ಚಾಚಿ, ಗೆಣಸಿನ ಒಣ ಹೋಳು ಅಗಿಯುತ್ತ ಕೂತಿದ್ದ. ಎರಡು ದಿನದಿಂದ ಹುಲ್ಲಿನ ಹೊರೆ ಎತ್ತಿದರೆ ಏದುಸಿರು ಬರುತ್ತಿತ್ತು. ಚಳಿಗೆ ಎನ್ನುತ್ತಿದ್ದ. ಪಾದ ಊದಿ ಕಾಲುಚೀಲದ ಗುರುತು ಉಳಿಯುತ್ತಿತ್ತು. ನಿಂತು ಕೆಲಸ ಮಾಡಿ ಹೀಗೆ ಎನ್ನುತ್ತಿದ್ದ.

"ಹೋಗೋಣಪ್ಪಾ" ಎಂದ ಶಿಗೆಕಿ.

"ನಾಳೆ ವಸತಿಗೃಹದ ಹೊಸವರ್ಷದ ಸರಕು ಹೋಗ್ಬೇಕು. ರುಚಿ ನೋಡೋರ್ಯಾರು, ನೀನಾ?"

"ನಾನೇ ನೋಡ್ತೀನಿ."

"ನಟ್ಟೊ ನಟ್ಟೊ ಥರ ಇದೆ ಅಂತೀಯಾ." ಸೊಕಿಚಿ ನಗಲು ಹೋಗಿ ಕೆಮ್ಮಿದ. "ನಾಳೆ ಬೆಳಗ್ಗೆ ಮೊದಲ ಕಟ್ಟು ಆಗ್ಲಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಎಳ್ಕೊಂಡು ಹೋಗಿ. ಮಾತು ಕೊಟ್ಟಿದೀನಿ, ಆಯ್ತಾ?"

ಮಿನಾಕೊ ಅತ್ತೆಯ ತೋಳು ಹಿಡಿದುಕೊಂಡಳು. "ನೀವು ಒಂದು ಮಾತು ಹೇಳಿ ಅತ್ತೆ. ಈಗ ಹೇಳಿ. ನೀವು ಅತ್ತು ಕರೆದ್ರೆ ಬರ್ತಾರೆ."

ಒಂದು ರಾತ್ರಿ ತಾನೇ ಎಂದುಕೊಂಡಳು ಹಿಸಾನೊ. ನಾಳೆ ಹೋಗುತ್ತೇನೆಂದು ಅವನೇ ಒಪ್ಪಿದ್ದಾನೆ, ಈಗ ಕೆಣಕಿದರೆ ಅದೂ ತಪ್ಪಿಹೋದೀತು. ಸೊಸೆಯ ಕೈ ಬಿಡಿಸಿಕೊಂಡಳು.

ಮರುದಿನ ಬೆಳಗ್ಗೆ ಅವನು ಕಟ್ಟು ಬಿಚ್ಚಿ ಬಟ್ಟಲಿಗೆ ಸುರಿದುಕೊಂಡ. ತಿರುವಲು ಶುರುಮಾಡಿದ. ಮಿನಾಕೊ ಆಗಲೇ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ತಿರುವುತ್ತಿದ್ದ ಕೈ ನಿಧಾನವಾಯಿತು. ಮತ್ತೆ ಏನೋ ಯೋಚಿಸುತ್ತಿದ್ದಾನೆ ಎಂದುಕೊಂಡಳು ಹಿಸಾನೊ. ಕಡ್ಡಿಗಳು ಜಾರಿ ಮೇಜಿನ ಮೇಲೆ ಬಿದ್ದವು. ಅವನು ಅವುಗಳ ಕಡೆ, ಬೇರೆ ಯಾರದೋ ಕಡ್ಡಿಗಳೆಂಬಂತೆ ನೋಡಿದ. ತುಟಿಯ ಒಂದು ಬದಿ ಕೆಳಗೆ ಇಳಿಯಿತು. ಹೆಂಡತಿಯ ಹೆಸರು ಹೇಳಲು ಹೋದ. ಬಂದದ್ದು ಹೆಸರಲ್ಲ. ಹಾಗೇ ಬಲಕ್ಕೆ ವಾಲಿದ. ಬಟ್ಟಲು ಅವನ ಮೈಮೇಲೆ ಮಗುಚಿ ಲೋಳೆಯ ನೂಲು ಅಂಗಿಯಿಂದ ಚಾಪೆಯವರೆಗೂ ಎಳೆಯಿತು. ಆಂಬುಲೆನ್ಸಿನವರು ಬರುವವರೆಗೂ ಹಿಸಾನೊ ಅದನ್ನು ಏಪ್ರನ್ನಿನಿಂದ ಒರೆಸುತ್ತಲೇ ಇದ್ದಳು. ಅದು ಬಿಡಲಿಲ್ಲ.

ಲೋಹದ ಕವಾಟದ ಮೇಲೆ ರಕ್ತ ಗಟ್ಟಿಯಾಗಿ ಕೂತು ಬಾಗಿಲು ಸರಿಯಾಗಿ ತೆರೆಯದಂತಾಗಿತ್ತು ಎಂದರು ಡಾಕ್ಟರು. ಅದರ ಒಂದು ಚೂರು ಕಿತ್ತು ಮಿದುಳಿಗೆ ಹೋಗಿದೆ. ಮತ್ತೆ ಎದೆ ತೆರೆಯಬೇಕು, ಉಳಿಯುತ್ತಾರೆಂದು ಈಗ ಹೇಳಲಾರೆವು. ಆ ಡಾಕ್ಟರು ಟೋಕಿಯೋದವನಲ್ಲ, ಹತ್ತಿರದ ಹಳ್ಳಿಯವನೇ. ಬೈಯಲೂ ಇಲ್ಲ. ಮಾತ್ರೆ ಯಾವಾಗಿನಿಂದ ತಗೊಂಡಿಲ್ಲ ಎಂದಷ್ಟೇ ಕೇಳಿದ. ಹಿಸಾನೊ ಬಾಯಿ ಬಿಡುವ ಮೊದಲೇ ಮಿನಾಕೊ ಉತ್ತರ ಕೊಟ್ಟಳು.

ಸೊಕಿಚಿ ಉಳಿದ. ಹೊಸ ವರ್ಷ ಆಸ್ಪತ್ರೆಯ ಪಡಸಾಲೆಯಲ್ಲೇ ಕಳೆಯಿತು. ಶಿಗೆಕಿ ಒಬ್ಬನೇ ಕಾಳು ಬೇಯಿಸಿ, ಒಬ್ಬನೇ ತಿಂದು, ಒಬ್ಬನೇ ತಲೆಯಾಡಿಸಿ ಪರದೆ ತೂಗುಹಾಕಿದ. ಮಿನಾಕೊ ಕಾರ್ಖಾನೆಯ ಕೆಲಸ ಬಿಟ್ಟು ಅಂಗಡಿಗೆ ಕೂತಳು. ಹಿಸಾನೊ ದಿನಾ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ ಗಂಡನ ಬಾಯಿ ಒರೆಸಿ ಬರುತ್ತಿದ್ದಳು. ಯಜಮಾನರಿಗೇನಾಯಿತು ಎಂದು ಗಿರಾಕಿಗಳು ಕೇಳಿದರೆ ಚಳಿಗೆ, ವಯಸ್ಸಾಯಿತಲ್ಲ ಎಂದು ಹೇಳು ಎಂದು ಸೊಸೆಗೆ ಹೇಳಿಕೊಟ್ಟಿದ್ದಳು.

"ಯಾಕತ್ತೆ ಸುಳ್ಳು?"

"ಅಂಗಡಿ ಉಳೀಬೇಕಲ್ಲಮ್ಮಾ."

ಮಿನಾಕೊ ಕೂಡ ದಣಿದಿದ್ದಳು. ಗಿರಾಕಿಗಳಿಗೆ ಹಾಗೇ ಹೇಳಿದಳು.

ಊರಿನ ಪ್ಲಮ್ ಗಿಡಗಳು ಹೂ ಬಿಟ್ಟ ಮೇಲೆ ಸೊಕಿಚಿ ಮನೆಗೆ ಬಂದ. ಬಲಗೈ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಮಾತು ಹೋಗಿತ್ತು. ತಿಣುಕಿದರೆ ಒಂದೆರಡು ಶಬ್ದ ಬರುತ್ತಿದ್ದವು. ಮಿನಾಕೊ ಬೆಳಗ್ಗೆ ಮಾತ್ರೆಯನ್ನು ಅಂಗೈ ಮೇಲಿಟ್ಟು ಹಿಡಿದರೆ ಮಗುವಿನಂತೆ ಬಾಯಿ ತೆರೆಯುತ್ತಿದ್ದ. ಎದೆಯೊಳಗೆ ಹೊಸ ಬಾಗಿಲು ಟಿಕ್, ಟಿಕ್ ಎನ್ನುತ್ತಿತ್ತು. ಹಿಸಾನೊಗೆ ಈಗ ಅದು ಕೇಳದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಹಗಲು ಅವನನ್ನು ಅಂಗಡಿಯ ಮೂಲೆಯಲ್ಲಿ ಕುರ್ಚಿಯ ಮೇಲೆ ಕೂರಿಸುತ್ತಿದ್ದರು. ಹೂ ನೋಡಲು ಬಂದ ಪರವೂರಿನವರ ಗದ್ದಲ ಇಳಿದ ಒಂದು ಮಧ್ಯಾಹ್ನ ಇಸೋಬೆ ಅಜ್ಜಿ ಕೋಲೂರಿಕೊಂಡು ಬಂದಳು.

"ಬಂದ್ರಾ ಯಜಮಾನ್ರು! ಚಳಿ ಹೊಡೆದುಬಿಡ್ತಂತೆ ಪಾಪ." ಅಜ್ಜಿ ಕಟ್ಟು ಎತ್ತಿ ಚೀಲಕ್ಕೆ ಹಾಕಿಕೊಂಡಳು. "ನಾನೂ ಎರಡು ದಿನದಿಂದ ನಡೆದ್ರೆ ಸುಸ್ತು. ಎಡಗೈ ಜೋಮು. ನಂದೂ ಚಳಿಗೇ ಇರ್ಬೇಕು. ಆ ಇಲಿ ಪಾಷಾಣ ಬಿಟ್ಟು ಮೂರು ತಿಂಗಳು ಸುಖವಾಗೇ ಇದ್ದೆ."

ಹಿಸಾನೊ ಕೈಯಲ್ಲಿದ್ದ ಪಟ್ಟಿಗಳನ್ನು ಕೆಳಗಿಟ್ಟಳು. "ಮಾತ್ರೆ ಬಿಟ್ರಾ ಅಜ್ಜಿ?"

"ನೀನೇ ಹೇಳಿದ್ಯಲ್ಲ."

ಮೂಲೆಯಿಂದ ಕುರ್ಚಿ ಎಳೆದ ಸದ್ದಾಯಿತು. ಸೊಕಿಚಿ ಗೋಡೆ ಹಿಡಿದುಕೊಂಡು ಎದ್ದಿದ್ದ. ಯಾರ ಆಸರೆಯೂ ಇಲ್ಲದೆ ಕಾಲೆಳೆಯುತ್ತ ಬಂದು, ಅಜ್ಜಿಯ ಚೀಲಕ್ಕೆ ಎಡಗೈ ಹಾಕಿ ಕಟ್ಟನ್ನು ಹೊರಗೆಳೆದ. ಅಜ್ಜಿ ಗಾಬರಿಯಿಂದ ಹಿಂದೆ ಸರಿದಳು, ಚಪ್ಪಲಿಗಳು ಕಾಲಿಂದ ಕಳಚಿದವು. ಅವನು ಕಟ್ಟನ್ನು ಎದೆಗೆ ಅವುಚಿಕೊಂಡು ತಲೆಯಾಡಿಸಿದ. ಇಷ್ಟು ವರ್ಷ ಆಡಿಸುತ್ತಿದ್ದ ಹಾಗಲ್ಲ, ಅಡ್ಡಡ್ಡಕ್ಕೆ.

"ಬೇ... ಬೇಡ" ಎಂದ.

"ಏನಾಯ್ತು ಇವರಿಗೆ?"

ಹಿಸಾನೊ ಅಂಗಡಿಯ ಕಟ್ಟೆ ಇಳಿದು ಬಂದು ಅಜ್ಜಿಯ ಜೋಮು ಹಿಡಿದ ಕೈಯನ್ನು ಹಿಡಿದುಕೊಂಡಳು.

"ಚಳಿಗಲ್ಲ ಅಜ್ಜಿ. ಇವರು ಬಿದ್ದಿದ್ದು ಚಳಿಗಲ್ಲ. ಮಾತ್ರೆ ಬಿಟ್ಟಿದ್ದಕ್ಕೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಯ್ತು. ನಟ್ಟೊ ಕಾಪಾಡ್ಲಿಲ್ಲ. ನೀವು ಈಗ್ಲೇ ಆಸ್ಪತ್ರೆಗೆ ನಡೀರಿ, ನಾನೇ ಬರ್ತೀನಿ. ಮಿನಾಕೊ, ಟ್ಯಾಕ್ಸಿ ಕರಿಯಮ್ಮಾ."

ಮಿನಾಕೊ ಆಗಲೇ ಫೋನು ಎತ್ತಿಕೊಂಡಿದ್ದಳು.

ಅಜ್ಜಿ ಕದಲಲಿಲ್ಲ. ಸೊಕಿಚಿಯನ್ನು ನೋಡಿದಳು, ಅವನ ಸೊಟ್ಟ ತುಟಿಯನ್ನು ನೋಡಿದಳು, ಆಮೇಲೆ ಹಿಸಾನೊಳನ್ನು ನೋಡಿದಳು.

"ನಾನು ಇವರನ್ನ ನಂಬ್ಲಿಲ್ಲ, ನಿನ್ನನ್ನ ಕೇಳಿದೆ. ಹೂಂ ಅಂದ್ಯಲ್ಲ. ಯಾಕೆ?"

ಸೊಕಿಚಿಯ ಎದೆ ಟಿಕ್, ಟಿಕ್ ಎನ್ನುತ್ತಿತ್ತು. ಹಿಸಾನೊ ಅಜ್ಜಿಯ ಚಪ್ಪಲಿಗಳನ್ನು ನೆಟ್ಟಗೆ ಜೋಡಿಸಿ ಅವಳ ಕಾಲ ಬಳಿ ಇಟ್ಟಳು. ಬಗ್ಗಿದವಳು ಟ್ಯಾಕ್ಸಿ ಬರುವವರೆಗೂ ತಲೆ ಎತ್ತಲಿಲ್ಲ.